ಲೇಹ್‌ನಲ್ಲಿ ನೆಲೆಸುವವರಿಗೆ ಬ್ಯಾಂಕ್ ವ್ಯವಹಾರ

ಕೇಳುಗರಿಗೆ ನಮಸ್ಕಾರ.

ಕೆಲಸದ ಮೇಲೆ ಲಡಾಖಿನ ಲೇಹ್‌ಗೆ ಹೋಗಿ ನೆಲೆಸುವವರು ಮೊದಲು ವಿಚಾರಿಸುವುದು ಅಲ್ಲಿ ಬ್ಯಾಂಕುಗಳಿವೆಯೇ ಎಂದು. ಧಾರಾಳವಾಗಿ ಇವೆ. ಸ್ಟೇಟ್ ಬ್ಯಾಂಕ್, ಜಮ್ಮು ಮತ್ತು ಕಾಶ್ಮೀರ ಬ್ಯಾಂಕ್, ಪಂಜಾಬ್ ನ್ಯಾಷನಲ್ ಬ್ಯಾಂಕ್, ಎಚ್‌ಡಿಎಫ್‌ಸಿ, ಜೊತೆಗೆ ಅಂಚೆ ಕಚೇರಿ. ತೊಡಕು ಬೇರೆ ಕಡೆ ಇದೆ. ಸುಮಾರು 3,500 ಮೀಟರ್ ಎತ್ತರದ ಆ ಊರಿಗೆ ಮನಾಲಿ ಕಡೆಯ ರಸ್ತೆ ಚಳಿಗಾಲದಲ್ಲಿ ಮುಚ್ಚುತ್ತದೆ; ಶ್ರೀನಗರದ ದಾರಿಯೂ ಜೋಜಿ ಲಾ ಎಂಬ ಎತ್ತರದ ಬೆಟ್ಟದ ದಾರಿಯಲ್ಲಿ ಹಿಮ ಬಿದ್ದಾಗ ನಿಲ್ಲುತ್ತದೆ. ನೆಟ್‌ವರ್ಕ್ ಹೋದರೆ ಶಾಖೆ, ಎಟಿಎಂ, ಅಂಗಡಿಯ ಕ್ಯೂಆರ್ ಕೋಡ್ ಎಲ್ಲಾ ಒಟ್ಟಿಗೇ ಮಲಗುತ್ತವೆ. 2025ರ ಸೆಪ್ಟೆಂಬರ್ 24ರ ಗಲಭೆಯ ನಂತರ ಅಲ್ಲಿ ಮೊಬೈಲ್ ಇಂಟರ್‌ನೆಟ್ ಹಲವು ದಿನ ಬಂದ್ ಆಗಿತ್ತು. ಹಾಗಾಗಿ ಲೇಹ್‌ನಲ್ಲಿ ಬ್ಯಾಂಕ್ ಆರಿಸುವಾಗ ಬಡ್ಡಿ ದರ ಆಮೇಲಿನ ಮಾತು. ಒಂದು ದಾರಿ ಮುಚ್ಚಿದಾಗ ಇನ್ನೊಂದು ತೆರೆದಿರಬೇಕು.

ಎಲ್ಲಕ್ಕಿಂತ ಮೊದಲು ಸಿಮ್. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರ್ ಪ್ರೀಪೇಯ್ಡ್ ಆಗಿದ್ದರೆ ವಿಮಾನ ಇಳಿದ ಕ್ಷಣದಿಂದ ಒಟಿಪಿ ಬರುವುದು ನಿಲ್ಲುತ್ತದೆ. ಖಾತೆಯಲ್ಲಿ ದುಡ್ಡಿದ್ದರೂ ನೆಟ್ ಬ್ಯಾಂಕಿಂಗ್‌ನಲ್ಲಿ ಕಳಿಸಲಾಗದು. ಹೊರಡುವ ಮೊದಲೇ ಅದೇ ನಂಬರನ್ನು ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಿ. ಅಲ್ಲಿ ಹೋಗಿ ಸ್ಥಳೀಯ ಸಿಮ್ ಕೊಂಡು, ಬ್ಯಾಂಕಿನಲ್ಲಿ ನಂಬರ್ ಬದಲಿಸುತ್ತೇನೆ ಎಂದುಕೊಂಡವರು ಶಾಖೆಗೆ ಅಲೆಯಬೇಕಾಗುತ್ತದೆ. ಯುಪಿಐ ಕೂಡ ಹೊಸದಾಗಿ ನೋಂದಾಯಿಸಬೇಕು, ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲಾಗದು.

ಇನ್ನು ಖಾತೆಗಳು. ಸಂಬಳದ ಖಾತೆ ಇರುವ ಬ್ಯಾಂಕಿನ ಶಾಖೆ ಲೇಹ್‌ನಲ್ಲಿದ್ದರೆ ಹೊಸ ಖಾತೆ ಬೇಡ, ವರ್ಗಾವಣೆ ಸಾಕು. ಸ್ಟೇಟ್ ಬ್ಯಾಂಕಿನಲ್ಲಿ ಖಾತೆ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಮಾತ್ರ ಬದಲಾಗುತ್ತದೆ. ಆ ಹೊಸ ಕೋಡನ್ನು ಸಂಬಳ ಕೊಡುವ ಕಚೇರಿಗೂ ವಿಮಾ ಕಂಪನಿಗೂ ತಿಳಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೂ ಚಿಂತೆಯಿಲ್ಲ. ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆ ಬರೆದುಕೊಟ್ಟರೆ ಬ್ಯಾಂಕ್ ಒಪ್ಪುತ್ತದೆ.

ಎರಡನೆಯ ಖಾತೆ ಬೇರೆ ಬ್ಯಾಂಕಿನದೇ ಆಗಿರಲಿ. ಒಂದರ ಸರ್ವರ್ ಕೈಕೊಟ್ಟ ದಿನ ಇನ್ನೊಂದು ನಡೆದೀತು. ಕನಿಷ್ಠ ಮೊತ್ತದ ತಲೆನೋವು ಬೇಡವೆಂದರೆ ಮೂಲ ಉಳಿತಾಯ ಖಾತೆ ಕೇಳಿ ಪಡೆಯಿರಿ. ಅದರಲ್ಲಿ ಮೊತ್ತ ಸೊನ್ನೆ ಇದ್ದರೂ ದಂಡವಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಆದರೆ ಅದೇ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇರಬಾರದು. ಅಂಚೆ ಉಳಿತಾಯ ಖಾತೆಗೆ 500 ರೂಪಾಯಿ ಇದ್ದರೆ ಸಾಕು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯಲ್ಲಿ ದಿನದ ಕೊನೆಗೆ ಎರಡು ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ.

ಎಟಿಎಂ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗರ ನೂಕುನುಗ್ಗಲು, ಮುಖ್ಯ ಬಜಾರಿನ ಯಂತ್ರಗಳು ಬೇಗ ಖಾಲಿಯಾಗುತ್ತವೆ. ವಾರದ ನಡುವೆ, ಬೆಳಗ್ಗೆ ಹೋದರೆ ಸಿಗುವ ಸಾಧ್ಯತೆ ಹೆಚ್ಚು. ಬೇರೆ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಐದು ವ್ಯವಹಾರ ಉಚಿತ. ಮಿಕ್ಕಿದ್ದಕ್ಕೆ 23 ರೂಪಾಯಿವರೆಗೆ ಶುಲ್ಕ. ಬ್ಯಾಲೆನ್ಸ್ ನೋಡಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ನುಬ್ರಾದ ದಿಸ್ಕಿತ್‌ನಲ್ಲಿ ಎಟಿಎಂ ಇದೆ, ಆದರೆ ಅದನ್ನೇ ನಂಬಿ ಕೈಬೀಸಿಕೊಂಡು ಹೊರಡುವುದು ಜಾಣತನವಲ್ಲ. ಪ್ಯಾಂಗಾಂಗ್, ಹಾನ್ಲೆ ಕಡೆಗಂತೂ ಲೇಹ್‌ನಿಂದಲೇ ನಗದು ಒಯ್ಯಬೇಕು. ಮನೆಯಲ್ಲಿ ಎರಡು ವಾರದ ಖರ್ಚಿಗಾಗುವಷ್ಟು ನಗದು ಇರಲಿ. ನೂರು, ಇನ್ನೂರರ ನೋಟುಗಳಲ್ಲಿರಲಿ. ನೆಟ್‌ವರ್ಕ್ ಇಲ್ಲದ ದಿನ ಐನೂರಕ್ಕೆ ಚಿಲ್ಲರೆ ಕೊಡುವವರು ಸಿಗುವುದು ಕಷ್ಟ.

ಯುಪಿಐ ಅಲ್ಲಿ ಚೆನ್ನಾಗಿಯೇ ಚಾಲ್ತಿಯಲ್ಲಿದೆ. ಸಣ್ಣ ಪಾವತಿಗೆ ಯುಪಿಐ ಲೈಟ್ ಮೊದಲೇ ತುಂಬಿಸಿಡಿ. ಅದರಲ್ಲಿ ಒಟ್ಟು 5,000 ರೂಪಾಯಿವರೆಗೆ ಇಡಬಹುದು, ಸಲಕ್ಕೆ 1,000ದವರೆಗೆ ಕೊಡಬಹುದು. ಇದರ ಹಣ ಫೋನಿನಲ್ಲಿ ಹೀಗೆ ತುಂಬಿಸಿಟ್ಟ ಮೊತ್ತದಿಂದಲೇ ಕಡಿತವಾಗುವುದರಿಂದ ಬ್ಯಾಂಕ್ ಸರ್ವರ್ ಮಲಗಿದ್ದರೂ ನಡೆಯುತ್ತದೆ. ಆದರೆ ಮಾಮೂಲಿ ಲೈಟ್‌ಗೂ ಇಂಟರ್‌ನೆಟ್ ಬೇಕು. ಡೇಟಾ ಪೂರ್ತಿ ನಿಂತರೆ ಅದೂ ನಿಂತಂತೆಯೇ. ಆಗ ಉಳಿಯುವುದು ಸ್ಟಾರ್ 99 ಹ್ಯಾಷ್. ಡೇಟಾ ಇಲ್ಲದೆ, ಡಯಲ್ ಮಾಡಿಯೇ ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ಮೊದಲ ಸಲ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೇಳುತ್ತದೆ. ಇದು ಎಲ್ಲ ಕಂಪನಿಯ ಸಿಮ್‌ಗಳಲ್ಲೂ ನಡೆಯುವುದಿಲ್ಲ. ಊರಲ್ಲೇ ಒಮ್ಮೆ ಡಯಲ್ ಮಾಡಿ ನೋಡಿಕೊಳ್ಳಿ.

ಪಾವತಿ ಅರ್ಧಕ್ಕೆ ನಿಂತು ‘ಪೆಂಡಿಂಗ್’ ಎಂದು ತೋರಿಸಿದರೆ ಮತ್ತೊಮ್ಮೆ ಕಳಿಸಬೇಡಿ. ಎರಡೂ ಸಲ ಕಡಿತವಾಗಿ ಪೇಚಿಗೆ ಸಿಕ್ಕುವುದು ಹೀಗೆಯೇ.

ಹಳ್ಳಿಗಳಲ್ಲಿ ಇರುವವರಿಗೆ ಅಂಚೆಯಣ್ಣನ ಬೆರಳಚ್ಚು ಯಂತ್ರವೇ ಬ್ಯಾಂಕು. ಆಧಾರ್ ಜೋಡಣೆಯಾದ ಯಾವ ಬ್ಯಾಂಕಿನ ಖಾತೆಯಿಂದಾದರೂ ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಚಳಿ ಮತ್ತು ಒಣಗಾಳಿಗೆ ಬೆರಳ ತುದಿ ಬಿರಿದರೆ ಗೆರೆ ಮೂಡುವುದಿಲ್ಲ, ಯಂತ್ರ ನಿರಾಕರಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಒಂದಿಷ್ಟು ವ್ಯಾಸಲೀನ್ ಸವರಿ, ಚೆನ್ನಾಗಿ ಒರೆಸಿ ಇನ್ನೊಂದು ಬೆರಳಿಟ್ಟು ನೋಡಿ. ಉಳಿದ ದಿನಗಳಲ್ಲಿ ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಟ್ಟರೆ ಮೋಸಗಾರರ ಭಯವಿಲ್ಲ. ಹಣ ತೆಗೆಯುವ ಮೊದಲು ಬೀಗ ತೆರೆಯುವುದು ಮರೆಯಬಾರದು, ಅಷ್ಟೇ. ಅದಕ್ಕೂ ನೆಟ್ ಬೇಕು!

ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಹೋಗಿದ್ದರೆ, ವ್ಯವಹಾರದ ದಿನದಿಂದ ಐದು ದಿನದೊಳಗೆ ಬ್ಯಾಂಕ್ ಅದನ್ನು ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನೀವು ಕೇಳದಿದ್ದರೂ ಜಮಾ ಆಗಬೇಕೆಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ದೂರನ್ನು ಯಂತ್ರವಿಟ್ಟ ಬ್ಯಾಂಕಿಗಲ್ಲ, ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡಿ. ಚೀಟಿ ಬಾರದಿದ್ದರೆ ಎಟಿಎಂ ಮೇಲೆ ಬರೆದಿರುವ ಗುರುತಿನ ಸಂಖ್ಯೆ, ಗಂಟೆ, ನಿಮಿಷ ಬರೆದುಕೊಂಡಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ವಿವರ ಕೇಳಲು 14448ಕ್ಕೆ ಕರೆ ಮಾಡಿ.