ಲಕ್ವದ ನಂತರದ ಮರೆವು: ಪರೀಕ್ಷೆ ಬೇಡ, ಬರೆದಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ಲರ ಕಣ್ಣೂ ಕೈಕಾಲಿನ ಮೇಲೆ. ಬೆರಳು ಆಡುತ್ತಿದೆಯೇ, ಹೆಜ್ಜೆ ಇಡುತ್ತಾರೆಯೇ, ಓರೆಯಾದ ಬಾಯಿ ನೆಟ್ಟಗಾಯಿತೇ. ಇದೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಮನೆಯವರು ನನ್ನ ಹತ್ತಿರ ಬರುತ್ತಾರೆ. ‘ನಡೀತಾರೆ, ಮಾತಾಡ್ತಾರೆ, ಆದ್ರೆ ಮೊದಲಿನ ಹಾಗಿಲ್ಲ ಮೇಡಂ. ಹೇಳಿದ್ದು ಐದು ನಿಮಿಷ ನಿಲ್ಲಲ್ಲ. ಹಿಡಿದ ಕೆಲಸ ಅರ್ಧಕ್ಕೇ ಬಿಡ್ತಾರೆ.’ ಇವತ್ತು ನಾನು ಮಾತಾಡುತ್ತಿರುವುದು ಈ ಮನೆಯವರ ಜೊತೆ. ನಾನು ಹೇಳಬೇಕಾದ್ದು ಒಂದೇ ಮಾತು. ಅವರನ್ನು ಪರೀಕ್ಷೆ ಮಾಡಬೇಡಿ, ಬರೆದಿಡಿ.

ಲಕ್ವದಲ್ಲಿ ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ, ಇಲ್ಲವೇ ರಕ್ತನಾಳ ಒಡೆದು ಒಳಗೇ ರಕ್ತ ಸುರಿಯುತ್ತದೆ. ಆ ಭಾಗದ ಕೆಲಸ ಕೆಡುತ್ತದೆ. ಕೈ ಆಡಿಸಲು ಒಂದು ಭಾಗ ಇರುವ ಹಾಗೆ ಗಮನ ಇಡಲು, ನೆನಪಿಡಲು, ಮೊದಲು ಇದು ಆಮೇಲೆ ಅದು ಎಂದು ಕೆಲಸ ಜೋಡಿಸಲು ಸಹ ಮೆದುಳಿನಲ್ಲಿ ಜಾಗಗಳಿವೆ. ಇನ್ನೊಂದು ವಿಷಯ. ನೀವು ಮರೆವು ಅನ್ನುವುದು ಎಷ್ಟೋ ಸಲ ಮರೆವೇ ಅಲ್ಲ. ಟಿವಿ ಓಡುತ್ತಿದೆ, ಪಕ್ಕದಲ್ಲಿ ಇಬ್ಬರು ಮಾತಾಡುತ್ತಿದ್ದಾರೆ, ನೀವು ಬಾಗಿಲ ಬಳಿಯಿಂದ ಮೂರು ವಿಷಯ ಒಟ್ಟಿಗೆ ಹೇಳಿ ಹೋದಿರಿ. ಅದು ಅವರ ತಲೆಯೊಳಗೆ ಹೋಗಲೇ ಇಲ್ಲ. ಒಳಗೆ ಹೋಗದ್ದನ್ನು ನೆನಪಿಡುವುದು ಹೇಗೆ? ಟಿವಿ ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದು ವಿಷಯ ಹೇಳಿ.

ನನ್ನ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಜೊತೆಗೆ ಮಗಳು. ಅಪ್ಪನ ಮೇಲೆ ಪ್ರಾಣ ಇಟ್ಟ ಹುಡುಗಿ. ಮೆದುಳಿಗೆ ವ್ಯಾಯಾಮ ಆಗಲಿ ಅಂತ ದಿನಾ ಬೆಳಿಗ್ಗೆ ಕೇಳುತ್ತಿದ್ದಳು: ‘ಅಪ್ಪಾ, ಇವತ್ತು ಯಾವ ವಾರ? ಯಾವ ತಿಂಗಳು? ನಿನ್ನೆ ಮನೆಗೆ ಯಾರು ಬಂದಿದ್ರು?’ ಅವರು ತಡವರಿಸಿ ‘ಮಂಗಳವಾರ’ ಅನ್ನುತ್ತಿದ್ದರು. ಅವಳು ‘ಅಲ್ಲಪ್ಪ, ಗುರುವಾರ’ ಎಂದು ತಿದ್ದುತ್ತಿದ್ದಳು. ಮಾರನೇ ದಿನವೂ ಮಂಗಳವಾರ. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಪ್ರತಿದಿನವೂ ಮಂಗಳವಾರವೇ ಆಗಿತ್ತು. ಒಂದು ದಿನ ಬಿಪಿ ಮಾತ್ರೆಯನ್ನು ಎರಡು ಸಲ ನುಂಗಿಬಿಟ್ಟರು, ಆಗ ಹೆದರಿ ಕರೆದುಕೊಂಡು ಬಂದಳು. ಮಗಳನ್ನು ಹೊರಗೆ ಕೂರಿಸಿ, ‘ನಿಮಗೆ ಎಲ್ಲಕ್ಕಿಂತ ಕಷ್ಟ ಯಾವುದು ಮೇಷ್ಟ್ರೇ?’ ಅಂತ ಕೇಳಿದೆ. ‘ಬೆಳಿಗ್ಗೆ ಅವಳ ಹೆಜ್ಜೆ ಸಪ್ಪಳ’ ಅಂದರು. ‘ಕೇಳಿದ ತಕ್ಷಣ ಎದೆ ಹೊಡ್ಕೊಳ್ಳುತ್ತೆ.’

ಆ ಮಾತನ್ನು ನಾನು ಮರೆತಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಪರೀಕ್ಷೆ ಮಾಡಬೇಡಿ. ನಾವು ತಪ್ಪು ಹೇಳಿ ಯಾರಾದರೂ ತಿದ್ದಿದರೆ, ಆ ತಿದ್ದಿದ್ದು ನಮಗೆ ನೆನಪಿರುತ್ತದೆ. ಅವರಿಗೆ ತಿದ್ದಿದ್ದು ಮರೆತುಹೋಗುತ್ತದೆ, ಬಾಯಿಂದ ಬಂದ ತಪ್ಪು ಉತ್ತರ ಮಾತ್ರ ರೂಢಿಯಾಗಿ ಉಳಿಯುತ್ತದೆ. ಯಾಕೆಂದರೆ ನಡೆದದ್ದನ್ನು ನೆನಪಿಡುವ ದಾರಿ ಬೇರೆ, ರೂಢಿಯ ದಾರಿ ಬೇರೆ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಅವನಿಗೆ ಹೊಸದೇನೂ ನೆನಪು ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಹಿಂದೆ ಅದನ್ನು ಮಾಡಿದ್ದೇನೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ! ನಾವು ಹಿಡಿಯಬೇಕಾದ್ದು ಈ ಕೈ ಪಳಗುವ ದಾರಿಯನ್ನು.

ಮೇಷ್ಟ್ರ ಕುರ್ಚಿಯ ಪಕ್ಕದ ಮೇಜಿಗೆ ಒಂದು ನೋಟ್ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು. ದಿನಕ್ಕೊಂದು ಪುಟ. ಮೇಲೆ ವಾರ, ತಾರೀಖು. ಕೆಳಗೆ ಮೂರೇ ವಿಷಯ: ಇವತ್ತು ಮಾಡಬೇಕಾದ್ದು, ಮಾತ್ರೆ ನುಂಗಿದ ಗುರುತು, ಬಂದು ಹೋದವರ ಹೆಸರು. ಮಗಳು ಪ್ರಶ್ನೆ ಕೇಳುವುದು ನಿಂತಿತು. ‘ಅಪ್ಪಾ, ಇವತ್ತು ಗುರುವಾರ’ ಎಂದು ತಾನೇ ಹೇಳುತ್ತಿದ್ದಳು, ಅವರು ಬರೆದು ಗಟ್ಟಿಯಾಗಿ ಓದುತ್ತಿದ್ದರು. ಅವರೇನಾದರೂ ಕೇಳಿದರೆ ‘ಆಗಲೇ ಹೇಳಿದ್ನಲ್ಲ’ ಅನ್ನುವಂತಿಲ್ಲ, ‘ಪುಸ್ತಕ ನೋಡೋಣ ಬನ್ನಿ’ ಅನ್ನಬೇಕು. ಮೊದಮೊದಲು ಪುಸ್ತಕ ಇದೆ ಅನ್ನುವುದೇ ಅವರಿಗೆ ಮರೆಯುತ್ತಿತ್ತು. ಮೊಬೈಲ್‌ನಲ್ಲಿ ದಿನಕ್ಕೆ ನಾಲ್ಕು ಸಲ ಅಲಾರಂ ಇಟ್ಟೆವು. ಅಲಾರಂ ಹೊಡೆದಾಗ ಮಗಳು ಅವರ ಕೈ ಹಿಡಿದು ಪುಸ್ತಕದ ಮೇಲೆ ಇಡುತ್ತಿದ್ದಳು, ಬೇಸರವಿಲ್ಲದೆ. ಆರನೇ ವಾರ ಅವಳ ಫೋನ್ ಬಂತು. ಅಪ್ಪ ‘ನಾಳೆ ಆಸ್ಪತ್ರೆಗೆ ಎಷ್ಟು ಗಂಟೆಗೆ…’ ಎಂದು ಕೇಳಲು ಹೊರಟವರು, ಅರ್ಧಕ್ಕೇ ನಿಲ್ಲಿಸಿ, ತಾವೇ ಎದ್ದು ಹೋಗಿ ಪುಟ ತೆರೆದರಂತೆ. ಮೇಷ್ಟ್ರ ಮರೆವು ಅಷ್ಟೇ ಇತ್ತು. ಪುಸ್ತಕಕ್ಕೆ ಕೈ ಹೋಗುವ ರೂಢಿ ಬಂದಿತ್ತು.

‘ಎಲ್ಲ ಬರೆದಿಟ್ಟರೆ ಮೆದುಳು ಸೋಮಾರಿ ಆಗಲ್ವಾ?’ ಅಂತ ಪ್ರತಿ ಮನೆಯಲ್ಲೂ ಒಬ್ಬರು ಕೇಳುತ್ತಾರೆ. ಆಗುವುದಿಲ್ಲ. ದಯವಿಟ್ಟು ಈ ಭಯ ಬಿಡಿ. ಕಾಲು ಎಳೆಯುವವರ ಊರುಗೋಲನ್ನು ಯಾರೂ ಬಚ್ಚಿಡುವುದಿಲ್ಲ, ಪುಸ್ತಕವನ್ನೇಕೆ ದೂರ ಇಡುತ್ತೀರಿ? ಬರೆದಿಡಿ. ವಾರದ ಏಳು ದಿನಕ್ಕೆ ಖಾನೆ ಇರುವ ಮಾತ್ರೆ ಡಬ್ಬಿ ಇಡಿ. ಕನ್ನಡಕ, ಬೀಗದ ಕೈ, ಮೊಬೈಲ್ ಇವಕ್ಕೆ ಒಂದೇ ಜಾಗ, ಅದನ್ನು ಬದಲಿಸಬೇಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಲಕ್ವದ ನಂತರ ದಣಿವು ಬಹಳ, ಆದ್ದರಿಂದ ಬುದ್ಧಿಯ ಕೆಲಸವೆಲ್ಲ ಅವರು ಚುರುಕಾಗಿರುವ ಹೊತ್ತಿಗೆ ಇರಲಿ. ಲಕ್ವ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದೂ ಮರೆವಿನ ಹಾಗೇ ಕಾಣುತ್ತದೆ, ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ. ಎಡಗಡೆ ಇಟ್ಟ ವಸ್ತು ಅವರಿಗೆ ಕಾಣುವುದೇ ಇಲ್ಲ ಅಂದರೆ ಅದು ಉದಾಸೀನವಲ್ಲ, ಮೆದುಳು ಆ ಬದಿಯನ್ನೇ ಬಿಟ್ಟಿದೆ. ಪದ ಸಿಗದೆ ತಡವರಿಸುವುದೂ ಮರೆವಲ್ಲ, ಅದಕ್ಕೆ ಮಾತಿನ ಚಿಕಿತ್ಸೆ ಬೇಕು. ಡಾಕ್ಟರು ಪರೀಕ್ಷಿಸಿ ಒಪ್ಪುವ ತನಕ ವಾಹನ ಕೊಡಬೇಡಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು, ಬಿಪಿ ಏರಿದರೆ ಲಕ್ವ ಮರುಕಳಿಸಬಹುದು. ಮೊದಲ ಲಕ್ವದ ನಂತರ ಹತ್ತರಲ್ಲಿ ಒಬ್ಬರಿಗೆ ಡಿಮೆನ್ಷಿಯಾ ಅಂದರೆ ಮರೆಗುಳಿತನದ ಕಾಯಿಲೆ ಬಂದರೆ, ಲಕ್ವ ಮರುಕಳಿಸಿದವರಲ್ಲಿ ಅದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ, ಕೈಬಿಡಬೇಡಿ.

ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ, ಮಾತು ತೊದಲಿದರೆ, ಮುಖ ವಾಲಿದರೆ, ಸಂಜೆವರೆಗೆ ನೋಡೋಣ ಅನ್ನಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಆ ನೋಟ್ ಪುಸ್ತಕ ಜೊತೆಗಿರಲಿ, ಯಾವ ಮಾತ್ರೆ ಯಾವಾಗ ನುಂಗಿದ್ದಾರೆ ಅನ್ನುವುದು ಅಲ್ಲಿನ ಡಾಕ್ಟರಿಗೂ ಬೇಕಾಗುತ್ತದೆ.

ನಮಸ್ಕಾರ.