ಪತ್ತನಾಜೆಯ ಹೊತ್ತಿಗೆ ಬರುವ ಶೀತ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ರೇಡಿಯೋ ಹಾಕಿ ಕೂತವರು ಯಾರು ಅಂತ ನನಗೆ ಅಂದಾಜಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಚಾವಡಿಯಲ್ಲಿ ಅಡಿಕೆ ಸುಲಿಯುವವರು. ಕೈ ಕೆಲಸ ಮಾಡುತ್ತಿರಲಿ, ಕಿವಿ ಇತ್ತ ಕೊಡಿ. ನಾನು ಹೇಳಲು ಬಂದದ್ದು ಒಂದೇ ಮಾತು. ಶೀತ ಶುರುವಾದ ತಾರೀಕು ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ ಅಲ್ವಾ, ಅದರಲ್ಲೇ ಬರೆಯಿರಿ.

ಯಾಕೆ ಅಂತ ಒಂದು ಕತೆ ಹೇಳುತ್ತೇನೆ. ನಮ್ಮ ಪರಿಚಯದ ಒಬ್ಬರು ಅಕ್ಕ, ಅವರ ಮಗ ಓದಲಿಕ್ಕೆ ಸ್ಪೇನ್ ದೇಶದ ಗ್ರನಾಡಾ ಊರಿಗೆ ಹೋದ. ಮೊದಲ ವರ್ಷ ಚೆನ್ನಾಗಿದ್ದ. ಮೂರನೆಯ ವರ್ಷ ಮೇ ತಿಂಗಳಲ್ಲಿ ಅಕ್ಕನ ಫೋನ್ ಬಂತು. "ಡಾಕ್ಟ್ರೇ, ಮಗನಿಗೆ ಶೀತ ಬಿಡುವುದೇ ಇಲ್ಲ. ಬೆಳಗ್ಗೆ ಎದ್ದರೆ ಇಪ್ಪತ್ತು ಸೀನು. ರಾತ್ರಿ ಎದೆಯಲ್ಲಿ ಕುಂಯ್ ಕುಂಯ್ ಶಬ್ದ. ಆ ಊರಿನ ತಣ್ಣೀರೇ ಕಾರಣ." ಅವರು ಆಗಲೇ ಕಷಾಯದ ಹುಡಿ ಪಾರ್ಸೆಲ್ ಮಾಡಿಯೂ ಆಗಿತ್ತು.

ಮಗನಿಗೆ ಫೋನ್ ಮಾಡಿದೆ. ಅವನದ್ದು ಬೇರೆ ಲೆಕ್ಕಾಚಾರ. ಬಾಲ್ಕನಿಯಲ್ಲಿದ್ದ ಮಲ್ಲಿಗೆ ಗಿಡವೇ ಕಾರಣ ಅಂತ ಚಟ್ಟಿ ಸಮೇತ ಯಾರಿಗೋ ಕೊಟ್ಟುಬಿಟ್ಟಿದ್ದ. ಸೀನು ಮಾತ್ರ ನಿಂತಿರಲಿಲ್ಲ.

ನಾನು ಕೇಳಿದ್ದು ಮೂರೇ ಪ್ರಶ್ನೆ. ಜ್ವರ ಇದೆಯಾ? ಇಲ್ಲ. ಕಣ್ಣು, ಮೂಗು ತುರಿಸುತ್ತದಾ? ತುಂಬಾ. ಕಳೆದ ವರ್ಷ ಇದೇ ಸಮಯಕ್ಕೆ ಬಂದಿತ್ತಾ? ನೆನಪಿಲ್ಲ ಅಂದ. ಇಲ್ಲಿ ಸ್ವಲ್ಪ ಸಿಟ್ಟು ಬಂತು ನನಗೆ. ಪರೀಕ್ಷೆಯ ಮಾರ್ಕು ನೆನಪಿರುತ್ತದೆ, ಇದು ಇರುವುದಿಲ್ಲ! ಕೊನೆಗೆ ಅಮ್ಮನಿಗೆ ಕಳಿಸಿದ ಹಳೆಯ ವಾಟ್ಸಾಪ್ ಹುಡುಕಲು ಹೇಳಿದೆ. ಸಿಕ್ಕಿತು. "ಅಮ್ಮಾ, ಶೀತ." ಹಿಂದಿನ ವರ್ಷ, ಅದೇ ಮೇ, ಅದೇ ವಾರ. ಅಕ್ಕನಿಗೂ ಆಗ ನೆನಪಾಯಿತು, "ಹೌದೌದು, ಪತ್ತನಾಜೆಯ ಹೊತ್ತಿಗೇ!"

ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಹೊತ್ತಿಗೆ ಬರುತ್ತದೆ. ಅಂದು ನಮ್ಮಲ್ಲಿ ಆ ವರ್ಷದ ಕೋಲ ಮುಗಿಸಿ ಭೂತಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿ ಅದೇ ಹೊತ್ತಿಗೆ ಆಲಿವ್ ಮರಗಳು ಹೂ ಬಿಟ್ಟಿರುತ್ತವೆ. ಗ್ರನಾಡಾದ ಪಕ್ಕದ ಹಾಎನ್ ಜಿಲ್ಲೆಯೊಂದರಲ್ಲೇ 6 ಕೋಟಿಗೂ ಜಾಸ್ತಿ ಆಲಿವ್ ಮರಗಳಿವೆ. ನಮ್ಮ ಅಡಿಕೆ ತೋಟದ ಹಾಗೆ, ಕಣ್ಣು ಹಾಯಿಸಿದಷ್ಟೂ ಅದೇ. ಹೂವು ಸಣ್ಣದು, ಬಿಳಿ, ಗೊಂಚಲು ಗೊಂಚಲು. ಆ ಹೂವು ಜೇನುನೊಣವನ್ನು ನಂಬಿ ಕೂರುವುದಿಲ್ಲ, ಹುಡಿಯನ್ನು ಗಾಳಿಗೇ ಬಿಡುತ್ತದೆ. ಅದೇ ಪರಾಗ. ಒಂದೊಂದು ಕಣ ಮಿಲಿಮೀಟರಿನ 50ರಲ್ಲಿ ಒಂದು ಪಾಲು. ಕಾಣುವುದಿಲ್ಲ, ಮೂಗಿಗೆ ಮಾತ್ರ ಗೊತ್ತಾಗುತ್ತದೆ.

ತಮಾಷೆ ಏನೆಂದರೆ ಮಲ್ಲಿಗೆಯೂ ಪಾರಿಜಾತವೂ ಆಲಿವಿನ ಕುಟುಂಬದವೇ. ಆದರೆ ಮಲ್ಲಿಗೆಯ ಹುಡಿ ಅಂಟಂಟು, ಕೀಟದ ಕಾಲಿಗೆ ಮೆತ್ತಿಕೊಂಡು ಹೋಗುತ್ತದೆ. ಪಾಪ, ಚಟ್ಟಿ ಸುಮ್ನೆ ಹೋಯಿತು.

ಮೊದಲ ವರ್ಷ ಯಾಕೆ ಆಗಲಿಲ್ಲ? ಹೊಸ ಪೋಸ್ಟ್‌ಮ್ಯಾನ್ ಬಂದಾಗ ಅಂಗಳದ ನಾಯಿ ಮೊದಲ ದಿನ ಮೂಸಿ ನೋಡುತ್ತದೆ. ಗುರುತು ಇಟ್ಟುಕೊಂಡ ಮೇಲೆ ಪ್ರತಿಸಲವೂ ಬೊಗಳುತ್ತದೆ. ದೇಹವೂ ಹಾಗೆಯೇ. ಪರಾಗದೊಳಗಿನ ಒಂದು ಪ್ರೋಟೀನನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ. ಇದಕ್ಕೇ ಅಲರ್ಜಿ ಅನ್ನುವುದು. ಆ ಪ್ರೋಟೀನಿನ ಹೆಸರು ಓಲೆ ಇ 1. ಮರೆತುಬಿಡಿ, ತಾರೀಕು ಮಾತ್ರ ಮರೆಯಬೇಡಿ.

ಹುಡುಗ ಜೂನಿನಲ್ಲಿ ಊರಿಗೆ ಬಂದ. ಮಳೆ ಹಿಡಿದಿತ್ತು. ವಾರದೊಳಗೆ ಮೂಗು ಸರಿಯಾಯಿತು. ಅಕ್ಕ ಈಗಲೂ ಹೇಳುವುದು, "ನೋಡಿ, ನನ್ನ ಕಷಾಯ!" ನಾನು ವಾದಕ್ಕೆ ಹೋಗಿಲ್ಲ. ಅಷ್ಟೇ ಅಲ್ಲ, ಮನೆಯಲ್ಲಿದ್ದ ಆಲಿವ್ ಎಣ್ಣೆಯ ಬಾಟಲಿಯನ್ನೂ ಅವರು ಅಟ್ಟಕ್ಕೆ ಹಾಕಿದ್ದರು. ಎಣ್ಣೆ ಕಾಯಿಯದ್ದು, ಪರಾಗ ಹೂವಿನದ್ದು, ಬಾಟಲಿ ಇಳಿಸಿ ಅಂದೆ.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತೆ. ಬೇಗ ಹೇಳುತ್ತೇನೆ. ನಮ್ಮಲ್ಲಿ ಆಲಿವ್ ತೋಟ ಇಲ್ಲ, ಆದರೆ ಹುಲ್ಲಿನ ಪರಾಗ, ತೆಂಗಿನ ಹೂವಿನ ಪರಾಗ ಇವೆ, ಹಾಸಿಗೆಯ ಧೂಳಿನ ನುಸಿಯಂತೂ ಎಲ್ಲಾ ಮನೆಯಲ್ಲಿದೆ. ನುಸಿಗೆ ಕಾಲ ಅಂತಿಲ್ಲ, ವರ್ಷವಿಡೀ ಕಾಡುತ್ತದೆ. ಪರಾಗಕ್ಕೆ ಕಾಲ ಇದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ನಿಮ್ಮ ಕ್ಯಾಲೆಂಡರೇ. ಎರಡು ವರ್ಷದ ತಾರೀಕು ಹಿಡಿದುಕೊಂಡು ಬನ್ನಿ. ಯಾವುದರ ಅಲರ್ಜಿ ಅಂತ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಮೂಗಿನ ಸ್ಪ್ರೇಯನ್ನು ಸೀಸನ್ ಬರುವ ಮೊದಲೇ ಶುರು ಮಾಡಬಹುದು. ತಾರೀಕು ಗೊತ್ತಿಲ್ಲದಿದ್ದರೆ ಯಾವಾಗ ಶುರು ಮಾಡುವುದು, ಹೇಳಿ? ಎದೆ ಕುಂಯ್ ಅಂದರೆ ಇನ್‌ಹೇಲರ್ ಬೇಕು, ಅದು ಚಟ ಅಲ್ಲ, ಹೆದರಬೇಡಿ. ಮೂರು ವರ್ಷ ತೆಗೆದುಕೊಳ್ಳುವ ಇಂಜೆಕ್ಷನ್ ಚಿಕಿತ್ಸೆಯೂ ಇದೆ, ಅದನ್ನು ಹೇಳಲು ಇನ್ನೊಮ್ಮೆ ಕರೆದರೆ ಬರುತ್ತೇನೆ.

ಹುಡುಗ ಈಗ ಏಪ್ರಿಲಿನಲ್ಲೇ ಸ್ಪ್ರೇ ಶುರು ಮಾಡುತ್ತಾನೆ, ಮೇ ತಿಂಗಳಲ್ಲಿ ಸಂಜೆ ಮನೆಗೆ ಬಂದವನೇ ತಲೆಗೆ ಸ್ನಾನ ಮಾಡಿ ಬಟ್ಟೆ ಬದಲಾಯಿಸುತ್ತಾನೆ. ಮೊನ್ನೆ ಹೊಸ ಮಲ್ಲಿಗೆ ಗಿಡದ ಫೋಟೋ ಕಳಿಸಿದ್ದಾನೆ. ನಮಸ್ಕಾರ.