ಕೋಲಾ ಕಾಯಿ ಸುತ್ತು ಬರುವ ಮನೆ

ಕೇಳುಗರಿಗೆ ನಮಸ್ಕಾರ.

ನೈಜೀರಿಯಾದ ಆಗ್ನೇಯದಲ್ಲಿ, ನೈಜರ್ ನದಿಯಾಚೆ, ಅನಂಬ್ರ ಎಂಬ ರಾಜ್ಯವಿದೆ. ಕೆಮ್ಮಣ್ಣಿನ ನಾಡು ಅದು, ಎಲ್ಲಿ ನೋಡಿದರೂ ತಾಳೆಮರ. ಅಲ್ಲಿ ಇಗ್ಬೊ ಜನರ ಹಳೆಯ ಊರೊಂದಿದೆ, ಹೆಸರು ಇಗ್ಬೊ-ಉಕ್ವು. 1938ರಲ್ಲಿ ಆ ಊರಿನ ಇಸಾಯ ಅನೊಜಿಯೆ ಎಂಬವರು ನೀರು ತುಂಬಿಡಲು ಮನೆಯ ಬಳಿ ಗುಂಡಿ ತೋಡುತ್ತಿದ್ದಾಗ ಮಣ್ಣಿನಡಿಯಿಂದ ಕಂಚಿನ ಸಾಮಾನುಗಳು ಎದ್ದು ಬಂದವು. ಅವರು ಕೆಲವನ್ನು ನೆರೆಹೊರೆಯವರಿಗೂ ಕೊಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ, 1959ರಿಂದ 60ರವರೆಗೆ ಮತ್ತು ಪುನಃ 1964ರಲ್ಲಿ, ಥರ್ಸ್ಟನ್ ಶಾ ಎಂಬ ಪುರಾತತ್ವ ವಿದ್ವಾಂಸರು ಅಲ್ಲಿ ಅಗೆತ ನಡೆಸಿದರು. ಅನೊಜಿಯೆ ಮತ್ತು ಅವರ ಇಬ್ಬರು ಬಂಧುಗಳ ಹಿತ್ತಲುಗಳಲ್ಲಿ ಸಿಕ್ಕಿದ್ದನ್ನು ಕಂಡು ವಿದ್ವತ್ ಲೋಕ ಬೆರಗಾಯಿತು.

ಒಂದು ಕಡೆ ಸಮಾಧಿ ಇತ್ತು. ಸತ್ತವರನ್ನು ಪೀಠದ ಮೇಲೆ ಕೂರಿಸಿ, ತಲೆಗೆ ತಾಮ್ರದ ಕಿರೀಟ, ಎದೆಗೆ ತಾಮ್ರದ ಫಲಕ ತೊಡಿಸಿ, ಆನೆದಂತಗಳನ್ನು ಜೊತೆಗಿಟ್ಟಿದ್ದರು. ಮೂರೂ ಜಾಗಗಳಿಂದ ಗಾಜಿನ ಮತ್ತು ಕೆಂಪು ಕಲ್ಲಿನ ಮಣಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಬಂದವು. ಅವುಗಳಲ್ಲಿ ಕೆಲವು ಈಜಿಪ್ಟಿನ ದಾರಿಯಾಗಿ, ಬಹುಶಃ ನಮ್ಮ ಭಾರತದಿಂದಲೂ ಹೋಗಿರಬಹುದು ಎಂದು ಊಹಿಸಿದವರಿದ್ದಾರೆ. ಕಾಲ ಸುಮಾರು ಒಂಬತ್ತನೆಯ ಶತಮಾನ. ಎರಕದ ಕೆಲಸ ಎಷ್ಟು ನಾಜೂಕೆಂದರೆ, ಹಗ್ಗದ ಬಲೆ ಸುತ್ತಿದ ಗಡಿಗೆಯೊಂದನ್ನು ಕಂಚಿನಲ್ಲಿ ಎರೆದಿದ್ದಾರೆ; ಹಗ್ಗದ ಒಂದೊಂದು ಹುರಿ, ಒಂದೊಂದು ಗಂಟು ಕಣ್ಣಿಗೆ ಕಾಣುತ್ತದೆ. ಯೂರೋಪಿನವರು ಆ ಕರಾವಳಿಗೆ ಕಾಲಿಡುವ ಎಷ್ಟೋ ಶತಮಾನ ಮೊದಲೇ ಆದ ಕೆಲಸ ಇದು. ಆಫ್ರಿಕಕ್ಕೆ ಕುಶಲಕಲೆ ಹೊರಗಿನಿಂದ ಬಂತು ಎನ್ನುವವರಿಗೆ ಈ ಗಡಿಗೆಯೊಂದನ್ನು ತೋರಿಸಿದರೆ ಸಾಕು.

ಇಷ್ಟು ಸಿರಿಯೊಡನೆ ಮಣ್ಣಾದವರು ಯಾರು? ದಂಡು ಕಟ್ಟಿ ಆಳಿದ ದೊರೆ ಇರಲಾರದು ಎನ್ನುವವರೇ ಹೆಚ್ಚು. ಹತ್ತಿರದಲ್ಲೇ ಎನ್ರಿ ಎಂಬ ಊರಿದೆ. ಅಲ್ಲಿನ ಪುರೋಹಿತರು ಊರೂರು ತಿರುಗಿ, ಭೂಮಿತಾಯಿಗೆ ತಟ್ಟಿದ ಮೈಲಿಗೆ ಕಳೆದು, ಜಗಳ ಬಗೆಹರಿಸುತ್ತಿದ್ದರು. ಅವರ ಮಾತು ನಡೆದದ್ದು ಕತ್ತಿಯ ಬಲದಿಂದಲ್ಲ. ಸಮಾಧಿಯಲ್ಲಿ ಕೂತವರು ಅಂಥ ಪುರೋಹಿತರೋ ದೊಡ್ಡ ಬಿರುದು ಪಡೆದ ಹಿರಿಯರೋ ಆಗಿರಬೇಕು. 'ಇಗ್ಬೊಗಳಿಗೆ ರಾಜನಿಲ್ಲ' ಎಂದು ಆ ಜನ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈಗ ಊರಿಗೊಬ್ಬ 'ಇಗ್ವೆ', ಅಂದರೆ ಊರ ದೊರೆ, ಇದ್ದಾರೆ, ಸರ್ಕಾರದ ಮನ್ನಣೆಯೂ ಇದೆ. ಆದರೂ ಆ ಮಾತು ಉಳಿದಿದೆ.

ರಾಜನಿಲ್ಲದ ಊರು ನಡೆಯುವುದು ಹೇಗೆ? ಇದು ತಿಳಿಯಬೇಕಾದರೆ ಮನೆಯೊಂದರ 'ಓಬಿ'ಯಲ್ಲಿ ಕೂರಬೇಕು. ಓಬಿ ಎಂದರೆ ಮನೆಯ ಯಜಮಾನ ಬಂದವರನ್ನು ಕೂರಿಸಿ ಮಾತಾಡಿಸುವ ಚಾವಡಿ. ಅಲ್ಲಿ ಕೂತ ಕೂಡಲೇ ತಟ್ಟೆಯಲ್ಲಿ ಕೋಲಾ ಕಾಯಿ, ಅಂದರೆ ಅಲ್ಲಿನವರು ಜಗಿಯುವ ಒಂದು ಮರದ ಬೀಜ, ಬರುತ್ತದೆ. ನಮ್ಮಲ್ಲಿ ವೀಳ್ಯಕ್ಕಿರುವ ಗೌರವ ಅಲ್ಲಿ ಅದಕ್ಕಿದೆ. 'ಕೋಲಾ ತಂದವನು ಬದುಕನ್ನೇ ತಂದ' ಎಂಬುದು ಅವರ ಗಾದೆ. ಕೋಲಾ ಬರದೆ ಬಂದ ಕೆಲಸದ ಮಾತೆತ್ತುವಂತಿಲ್ಲ.

ತಟ್ಟೆ ಬಂದ ತಕ್ಷಣ ಕೈ ಹಾಕುವಂತೆಯೂ ಇಲ್ಲ. ಅದು ಕೂತವರ ಮುಂದೆ ಒಂದು ಸುತ್ತು ಹೋಗಬೇಕು. ಯಾರಿಂದ ಯಾರಿಗೆ ಎಂಬುದಕ್ಕೆ ಲೆಕ್ಕವಿದೆ: ಯಾವ ಕೇರಿ ಹಿರಿಯದು, ಯಾವ ಕವಲು ಮೊದಲು ಹುಟ್ಟಿದ್ದು, ಅದರಲ್ಲಿ ಯಾರು ದೊಡ್ಡವರು. ಒಬ್ಬೊಬ್ಬರೂ ತಟ್ಟೆ ಮುಟ್ಟಿ ಮುಂದೆ ಕಳಿಸುತ್ತಾರೆ. ಕೊನೆಗೆ ಅದು ಮನೆಯವನ ಕೈಗೇ ಮರಳುತ್ತದೆ. ಊರಿನ ವಂಶಾವಳಿ ಪೂರಾ ಹೀಗೆ ಒಂದು ತಟ್ಟೆಯ ಹಿಂದೆ ನಡೆದು ಹೋಗುತ್ತದೆ. ಯಾವ ದಫ್ತರದಲ್ಲೂ ಬರೆದಿಟ್ಟದ್ದಲ್ಲ. ಕ್ರಮ ತಪ್ಪಿದರೆ ಅಲ್ಲೇ ವಾದ ಏಳುತ್ತದೆ, ಮತ್ತು ಅಂಥ ವಾದಗಳಿಂದಲೇ ಚಿಕ್ಕವರು ತಮ್ಮ ಬಳಗದ ಚರಿತ್ರೆ ಕಲಿಯುತ್ತಾರೆ.

ಆಮೇಲೆ ಹಿರಿಯರೊಬ್ಬರು ಕಾಯಿ ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತಾರೆ. ಪ್ರಾರ್ಥನೆ ಇಗ್ಬೊ ಭಾಷೆಯಲ್ಲೇ ಆಗಬೇಕು. ಕೋಲಾಕ್ಕೆ ಇಂಗ್ಲಿಷ್ ತಿಳಿಯದು ಎನ್ನುತ್ತಾರೆ. ಇಗ್ಬೊಗಳಲ್ಲಿ ಇಂದು ಬಹುಪಾಲು ಕ್ರೈಸ್ತರು. ಹಾಗಾಗಿ ಒಂದೇ ಉಸಿರಿನಲ್ಲಿ ಪಿತೃಗಳ ಹೆಸರೂ ಯೇಸುವಿನ ಹೆಸರೂ ಬರುವುದುಂಟು. ಒಂದೊಂದು ಮಾತಿಗೂ ಕೂತವರೆಲ್ಲ 'ಇಸೆ', ಅಂದರೆ ಹಾಗೇ ಆಗಲಿ, ಎಂದು ದನಿಗೂಡಿಸುತ್ತಾರೆ. ಆ ಪ್ರಾರ್ಥನೆಗಳಲ್ಲಿ ಬರುವ ಒಂದು ಮಾತು ನನ್ನ ಮನಸ್ಸಿಗೆ ತುಂಬ ಹತ್ತಿರ: 'ಗಿಡುಗವೂ ಕೂರಲಿ, ಗರುಡವೂ ಕೂರಲಿ. ಒಂದು ಇನ್ನೊಂದಕ್ಕೆ ಕೂರಬೇಡ ಎಂದರೆ ಅದರ ರೆಕ್ಕೆ ಮುರಿಯಲಿ.' ರಾಜನಿಲ್ಲದ ಜನ ಅಕ್ಕಪಕ್ಕ ಬಾಳಲು ಹಾಕಿಕೊಂಡ ಕಟ್ಟಳೆ ಇದು.

ಕಾಯಿ ಒಡೆದಾಗ ಎಷ್ಟು ಹೋಳಾಯಿತು ಎಂದು ನೋಡುತ್ತಾರೆ. ನಾಲ್ಕಾದರೆ ಶುಭ; ಅವರ ವಾರಕ್ಕೂ ನಾಲ್ಕೇ ದಿನ. ಎಕೆ, ಒರಿಯೆ, ಅಫೊ, ಎನ್‌ಕ್ವೊ. ಸಂತೆಗಳು ಈ ದಿನಗಳ ಹೆಸರಲ್ಲೇ ನಡೆಯುತ್ತವೆ: ಆಕಾ ಪಟ್ಟಣದ್ದು ಎಕೆ, ನೆವಿ ಪಟ್ಟಣದ್ದು ಎನ್‌ಕ್ವೊ. ಹೋಳು ಬಾಯಿಗಿಟ್ಟರೆ ಮೊದಲು ಕಹಿ, ಒಗರು. ಮೇಲೆ ನೀರು ಕುಡಿದರೆ ಆ ನೀರು ಸಿಹಿಯೆನಿಸುತ್ತದೆ. ಜೊತೆಗೆ ನೆಂಚಿಕೊಳ್ಳಲು ಕಡಲೆಕಾಯಿ, ಮೆಣಸು ಅರೆದ ಖಾರ ಇರುತ್ತದೆ. ಅತಿಥಿಗೆ ಒಂದು ಇಡೀ ಕಾಯಿ ಕೊಟ್ಟು ಕಳಿಸುತ್ತಾರೆ. ಮನೆ ಸೇರಿದ ಕೋಲಾ ತಾನು ಎಲ್ಲಿಂದ ಬಂದೆನೆಂದು ತಾನೇ ಹೇಳುತ್ತದಂತೆ.

ಈ ಕ್ರಮದಲ್ಲಿ ನನ್ನ ಮನಸ್ಸು ಒಪ್ಪದ ಸಂಗತಿಯೂ ಇದೆ. ಹೆಂಗಸರು ಕೋಲಾ ಒಡೆಯುವಂತಿಲ್ಲ. ಮನೆಯಲ್ಲಿ ದೊಡ್ಡವಳು ಹೆಂಗಸೇ ಇದ್ದರೂ ಗಂಡುಹುಡುಗನನ್ನು ಕರೆದು ಒಡೆಸುತ್ತಾರೆ. ಹಾಗೆಂದು ಹೆಂಗಸರ ಮಾತಿಗೆ ಬೆಲೆಯಿಲ್ಲ ಎಂದುಕೊಂಡರೆ ಅದು ಪೂರ್ಣ ಸತ್ಯವಲ್ಲ. ಮದುವೆಯಾಗಿ ಹೊರಟುಹೋದ ಹೆಣ್ಣುಮಕ್ಕಳಿಗೆ 'ಉಮುಆಡಾ' ಎಂಬ ಕೂಟವಿದೆ. ತವರಿನಲ್ಲಿ ಸಾವಾದರೆ, ಅಣ್ಣತಮ್ಮಂದಿರಲ್ಲಿ ವ್ಯಾಜ್ಯವಾದರೆ ಅವರು ಒಟ್ಟಾಗಿ ಬಂದು ಕೂರುತ್ತಾರೆ. ಅವರ ತೀರ್ಮಾನ ಮೀರಲು ಗಂಡಸರು ಹಿಂಜರಿಯುತ್ತಾರೆ. 1929ರಲ್ಲಿ, ಇಲ್ಲಿಂದ ದಕ್ಷಿಣದ ಊರುಗಳಲ್ಲಿ, ಬ್ರಿಟಿಷರು ಹೆಂಗಸರ ಮೇಲೂ ಕಂದಾಯ ಹೇರುತ್ತಾರೆಂಬ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಬೀದಿಗಿಳಿದರು. ಬ್ರಿಟಿಷರು ತಾವೇ ನೇಮಿಸಿದ್ದ ಮುಖ್ಯಸ್ಥರ ಮನೆಗಳ ಮುಂದೆ ಕೂತು, ಹಾಡು ಕಟ್ಟಿ ಅವರನ್ನು ಹಂಗಿಸಿದರು. ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಬಲಿಯಾದರು. ಆ ಮುಖ್ಯಸ್ಥರ ಪದ್ಧತಿಯನ್ನು ಸರ್ಕಾರ ಬದಲಿಸಬೇಕಾಯಿತು.

ಆಗಸ್ಟ್ ಸುಮಾರಿಗೆ ಹೋದರೆ ಹೊಸ ಗೆಣಸಿನ ಹಬ್ಬ ಸಿಗುತ್ತದೆ. ನಮ್ಮ ಮಲೆನಾಡಿನವರು ಬಲ್ಲ ಮುಡಿಗೆಣಸಿನ ಬಳಗದ ಗೆಡ್ಡೆ ಅದು, ಅಲ್ಲಿ ಬೆಳೆಗಳಿಗೆಲ್ಲ ಅರಸು. ಹಿರಿಯರು ಕೆಂಡದಲ್ಲಿ ಸುಟ್ಟ ಗೆಣಸನ್ನು ತಾಳೆ ಎಣ್ಣೆಯಲ್ಲಿ ಅದ್ದಿ ತಿನ್ನುವವರೆಗೆ ಹೊಸ ಬೆಳೆಯನ್ನು ಉಳಿದವರು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಅದೃಷ್ಟವಿದ್ದರೆ ಇಜೆಲೆ ವೇಷ ಕಾಣಬಹುದು. ನಾಲ್ಕು ಮೀಟರ್ ಎತ್ತರ, ಬಿದಿರಿನ ಹಂದರದ ಮೇಲೆ ಬಣ್ಣದ ಬಟ್ಟೆ, ಗೊಂಬೆಗಳು, ನಡುವಿನಲ್ಲಿ ದೊಡ್ಡ ಹೆಬ್ಬಾವು. ಕಟ್ಟುವುದಕ್ಕೆ ನೂರು ಜನರಿಗೆ ಆರು ತಿಂಗಳು ಬೇಕಂತೆ. 2009ರಲ್ಲಿ ಯೂನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಆ ಕಂಚುಗಳಲ್ಲಿ ಹಲವು ಲಾಗೋಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ, ಕೆಲವು ಲಂಡನ್ನಿನಲ್ಲಿ. ಲಾಗೋಸಿನಲ್ಲಿ ಅವನ್ನು ನೋಡಿಕೊಂಡು ಆಮೇಲೆ ಊರಿಗೆ ಹೋದರೆ ಒಳ್ಳೆಯದು. ಓಬಿಯೊಳಗೆ ಮೊದಲು ಹಿರಿಯರಿಗೆ ವಂದಿಸಿ. ಕೋಲಾ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಳ್ಳಿ. ಮತ್ತೆ, ಅವಸರದಲ್ಲಿ ಹೋಗಬೇಡಿ. ತಟ್ಟೆ ಸುತ್ತು ಮುಗಿಸಲು ಹೊತ್ತು ಹಿಡಿಯುತ್ತದೆ.

ನಮಸ್ಕಾರ.